ಶುಕ್ರವಾರ ರಾತ್ರಿ ಅರೆಸ್ಟ್, ಭಾನುವಾರ ಬೆಳಗಿನ ಜಾವ ಬಿಡುಗಡೆ: ಬೇಲ್ ಬಾಂಡ್ ಕಂಪನಿ ಆರಿಸಿದ ಒಂದು ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಇದು ನಮಗೆ ತುಂಬಾ ಬೇಕಾದ ಒಂದು ಮನೆಯಲ್ಲಿ ನಡೆದಿದ್ದು. ಗಂಡ ಹೆಂಡತಿ ಇಬ್ಬರನ್ನೂ ಕೇಳಿ, ಅವರು ಓದಿ ಆಗ್ಲಿ ಅಂದ್ಮೇಲೇ ಬರೀತಿದೀನಿ. ಹೆಸರು ಹಾಕಲ್ಲ, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಸರೂ ಹಾಕಲ್ಲ, ಕ್ಯಾಲಿಫೋರ್ನಿಯಾದ ಬೇ ಏರಿಯಾ ಅಂತ ಮಾತ್ರ ತಿಳ್ಕೊಳಿ. ಆ ಶನಿವಾರ ಬೆಳಗ್ಗೆ ನಾನು ಫೋನ್ ಹಿಡ್ಕೊಂಡು ಕನ್ನಡದಲ್ಲಿ ಏನಾದ್ರೂ ಸಿಗತ್ತಾ ಅಂತ ಹುಡುಕ್ದೆ, ನಮ್ಮೋರು ಯಾರಾದ್ರೂ ಈ ದಾರೀಲಿ ಹೋಗಿ ಬಂದಿರ್ತಾರಲ್ಲ, ಒಂದು ನಾಲ್ಕು ಸಾಲು ಬರೆದಿರ್ತಾರೆ ಅಂತ. ಏನೂ ಸಿಗ್ಲಿಲ್ಲ. ಇಂಥದ್ದನ್ನ ನಾವು ಯಾರೂ ಬಾಯಿ ಬಿಟ್ಟು ಹೇಳಲ್ಲ, ಮಾನ ಹೋಗತ್ತೆ ಅಂತ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೇ ತಿಂಗಳ ಕೊನೇ ವಾರ, ಸೋಮವಾರ ಮೆಮೋರಿಯಲ್ ಡೇ ರಜೆ ಇರೋ ಲಾಂಗ್ ವೀಕೆಂಡ್. ಆತ ಆಫೀಸಿನವರ ಜೊತೆ ಊಟಕ್ಕೆ ಹೋಗಿದ್ದ, ಕುಡಿದಿದ್ದ, ಆದ್ರೂ ಕಾರು ತಾನೇ ಓಡಿಸ್ಕೊಂಡು ಹೊರಟ. ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗೋವಾಗ ಎದುರಿಂದ ಬರ್ತಿದ್ದ ಕಾರಿಗೆ ಗುದ್ದಿದ. ಆ ಕಾರಲ್ಲಿದ್ದ ಹೆಂಗಸಿಗೆ ಮಣಿಕಟ್ಟು ಮುರೀತು, ಆಮೇಲೆ ಪ್ಲೇಟ್ ಹಾಕಿದ್ರು. ಇದನ್ನ ನಾನು ಮುಚ್ಚಿಡಲ್ಲ, ತಪ್ಪು ತಪ್ಪೇ, ಆಕೆಯ ನೋವು ಎಲ್ಲಕ್ಕಿಂತ ಮೊದಲು. ಬರೀ ಕುಡಿದು ಓಡಿಸಿದ ಮೊದಲ ಕೇಸಾದ್ರೆ ಸಾಮಾನ್ಯವಾಗಿ ಕೆಲವು ಗಂಟೆ ಇಟ್ಕೊಂಡು, ಕೋರ್ಟ್ ತಾರೀಖು ಬರೆದ ಚೀಟಿ ಕೊಟ್ಟು ಕಳಿಸ್ತಾರೆ. ಇನ್ನೊಬ್ಬರಿಗೆ ಗಾಯ ಆದ್ರೆ ಅದೇ ಕೇಸು ಫೆಲನಿ, ಅಂದ್ರೆ ಗಂಭೀರ ಅಪರಾಧ, ಆಗಬಹುದು. ಇವನಿಗೆ ಹಂಗೇ ಆಯ್ತು. ಶುಕ್ರವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಅರೆಸ್ಟ್, ರಕ್ತ ತಗೊಂಡ್ರು, ಕೌಂಟಿ ಜೈಲಿಗೆ ಕರ್ಕೊಂಡು ಹೋದ್ರು, ಬೆರಳಚ್ಚು ಫೋಟೋ ಎಲ್ಲಾ ಆಯ್ತು. ಜೈಲು ನೋಡ್ಕೊಳ್ಳೋ ಶೆರಿಫ್ ಇಲಾಖೆ ವೆಬ್‌ಸೈಟ್‌ನಲ್ಲಿ ಬೆಳಗಿನ ಜಾವ ಅವನ ಹೆಸರು, ಬುಕಿಂಗ್ ನಂಬರು, ಪಕ್ಕದಲ್ಲಿ ಬೇಲ್ ಮೊತ್ತ, ಅಂದ್ರೆ ಬಿಡುಗಡೆಗೆ ಇಡಬೇಕಾದ ದುಡ್ಡು, ಬಂದಿತ್ತು: 1,00,000 ಡಾಲರ್. ಈ ಮೊತ್ತ ಯಾವ ಜಡ್ಜೂ ಇವನ ಮುಖ ನೋಡಿ ಹಾಕಿದ್ದಲ್ಲ, ಪ್ರತಿ ಕೌಂಟಿಗೂ ಒಂದು ಬೇಲ್ ಶೆಡ್ಯೂಲ್ ಅಂತ ಇರತ್ತೆ, ಯಾವ ಸೆಕ್ಷನ್‌ಗೆ ಎಷ್ಟು ಅಂತ ಮೊದಲೇ ಬರೆದಿಟ್ಟ ಪಟ್ಟಿ, ಅದರಿಂದ ಎತ್ತಿ ಹಾಕಿದ್ದು.

ರಾತ್ರಿ ಮೂರು ಗಂಟೆಗೆ ಅವನು ಹೆಂಡತಿಗೆ ಫೋನ್ ಮಾಡಿದ. ಆಕೆ ಆ ಫೋನ್ ಇಟ್ಟು ನಂಗೆ ಮಾಡಿದ್ಲು. "ಅಕ್ಕಾ, ಇವ್ರು ಜೈಲಲ್ಲಿದಾರೆ" ಅಂದ್ಲು, ಆಮೇಲೆ ಮಾತೇ ಇಲ್ಲ. ನಾನು ನಮ್ಮನೆಯವರು ಎದ್ದು ಹೊರಟ್ವಿ. ಆಕೆ ಅಡುಗೆಮನೆ ಲೈಟ್ ಒಂದು ಹಾಕ್ಕೊಂಡು ಕೂತಿದ್ಲು, ಎರಡು ಮಕ್ಕಳೂ ಮೇಲೆ ಮಲಗಿದ್ವು. ನಾನು ಮೊದಲು ಕೇಳಿದ್ದು, ಫೋನಲ್ಲಿ ಏನು ಮಾತಾಡಿದ್ರಿ ಅಂತ. "ಎಲ್ಲಾ ಹೇಳಿದ್ರು ಅಕ್ಕ, ಎಷ್ಟು ಕುಡಿದ್ರು ಏನಾಯ್ತು ಅಂತ, ಕನ್ನಡದಲ್ಲೇ ಮಾತಾಡಿದ್ವಲ್ಲ" ಅಂದ್ಲು. ಅಲ್ಲೇ ಎದೆ ಧಸಕ್ ಅಂತು. ಜೈಲಿಂದ ಬರೋ ಫೋನ್ ವಕೀಲರ ಜೊತೆಗಿನದು ಬಿಟ್ರೆ ಎಲ್ಲಾ ರೆಕಾರ್ಡ್ ಆಗತ್ತೆ. ಕನ್ನಡ ಅಂದ್ರೆ ಅವರಿಗೆ ಅರ್ಥ ಆಗಲ್ಲ ಅನ್ಕೋಬೇಡಿ, ಬೇಕಾದ್ರೆ ಅನುವಾದ ಮಾಡಿಸ್ತಾರೆ. ಫೋನ್ ಬಂದ್ರೆ "ಹುಷಾರಾಗಿದೀರಾ, ಬುಕಿಂಗ್ ನಂಬರ್ ಏನು, ವಕೀಲರನ್ನ ನೋಡ್ತಿದೀವಿ, ಕೇಸ್ ವಿಷ್ಯ ಮಾತಾಡ್ಬೇಡಿ" ಇಷ್ಟೇ. ಮುಂದಿನ ಸಲ ಫೋನ್ ಬಂದಾಗ ಆಕೆ ಇದನ್ನ ಚೀಟೀಲಿ ಬರ್ಕೊಂಡು ಓದಿದ್ಲು.

ಬೆಳಗ್ಗೆ ಆರೂ ನಲ್ವತ್ತಕ್ಕೆ ಯಾರೋ ಆಕೆಗೇ ಫೋನ್ ಮಾಡಿದ್ರು. ನಿಮ್ಮ ಗಂಡ ನಮ್ಮ ಕಂಪನೀನೇ ಆರಿಸಿದಾರೆ, ಬೇಲ್ ಮೊತ್ತದ ಬರೀ 5 ಪರ್ಸೆಂಟು, ಒಂದು ಗಂಟೇಲಿ ದುಡ್ಡು ಝೆಲ್ (ಫೋನಲ್ಲೇ ದುಡ್ಡು ಕಳಿಸೋ ವ್ಯವಸ್ಥೆ) ಮಾಡಿದ್ರೆ ಮಧ್ಯಾಹ್ನದೊಳಗೆ ಮನೇಲಿರ್ತಾರೆ, ತಡ ಮಾಡಿದ್ರೆ ದೊಡ್ಡ ಜೈಲಿಗೆ ಹಾಕ್ತಾರೆ ಅಂತ. ಗಂಡನ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಬೇಲ್ ಮೊತ್ತ ಎಲ್ಲಾ ಸರಿಯಾಗಿ ಹೇಳ್ತಿದಾನೆ, ಆಕೆ ಫೋನಲ್ಲಿ ಬ್ಯಾಂಕ್ ಆಪ್ ತೆಗೆದೇಬಿಟ್ಟಿದ್ಲು. ನಮ್ಮನೆಯವರು ಫೋನ್ ಇಸ್ಕೊಂಡು ನಿಮ್ಮ ಲೈಸೆನ್ಸ್ ನಂಬರ್ ಕೊಡಿ ಅಂದ್ರು. ಆ ಕಡೆಯಿಂದ ಒಂದು ನಿಮಿಷ ಅಂದ, ಲೈನ್ ಕಟ್ ಆಯ್ತು, ಮತ್ತೆ ಬರ್ಲಿಲ್ಲ. ಅರೆಸ್ಟ್ ಮಾಹಿತಿ ಸಾರ್ವಜನಿಕ ದಾಖಲೆ, ಯಾರು ಬೇಕಾದ್ರೂ ನೋಡಬಹುದು, ಅದನ್ನೇ ನೋಡ್ಕೊಂಡು ಇಂಥವರು ಮನೆಯವರ ನಂಬರ್ ಹುಡುಕ್ತಾರೆ. ಆ ಹೊತ್ತಲ್ಲಿ ನಮ್ಮ ತಲೆ ಎಷ್ಟು ಕೆಲ್ಸ ಮಾಡತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಈಗ ಈ ಬೇಲ್ ಬಾಂಡ್ ಕಂಪನಿ ಅಂದ್ರೇನು ಅಂತ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಜಾಮೀನು ಅನ್ನೋದಕ್ಕೂ ಇದಕ್ಕೂ ಹೆಸರು ಒಂದೇ ಆದ್ರೂ ವ್ಯವಹಾರ ಬೇರೆ. ಏಳೂವರೆಗೆ ಆತನ ತಂದೆ ಫೋನ್ ಮಾಡಿದ್ರು, ತಿಪಟೂರು ಕಡೆಯವರು, ಅಲ್ಲಿ ರಾತ್ರಿ ಎಂಟು ಗಂಟೆ. ಸೊಸೆ ಅಳ್ತಿದ್ಲು ಅಂತ ಫೋನ್ ನಾನು ತಗೊಂಡೆ. ಅವರು ಕೇಳಿದ ಮೊದಲ ಮಾತು, "ತಾಯಿ, ನಮ್ಮ ತೋಟದ ಪಹಣಿ ಕಳಿಸ್ಲಾ? ಕಂದಾಯ ಎಲ್ಲಾ ಕಟ್ಟಿದೀನಿ, ನಾನೇ ಜಾಮೀನು ನಿಲ್ತೀನಿ ಅಂತ ಬರ್ಕೊಡ್ತೀನಿ." ಅವರ ಪ್ರಕಾರ ಜಾಮೀನು ಅಂದ್ರೆ ಅದೇ, ಗುರುತಿರೋ ಒಬ್ಬ ಮನುಷ್ಯ ಪಹಣಿ, ಆಧಾರ್ ಹಿಡ್ಕೊಂಡು ಕೋರ್ಟಿಗೆ ಬಂದು ಇವನಿಗೆ ನಾನು ಹೊಣೆ ಅಂತ ಸೈನ್ ಹಾಕೋದು. ಅದಕ್ಕೆ ಫೀಸು ಅನ್ನೋದಿಲ್ಲ. ದುಡ್ಡು ತಗೊಂಡು ಜಾಮೀನು ನಿಲ್ಲೋರು ನಮ್ಮ ಕೋರ್ಟ್‌ಗಳ ಸುತ್ತ ಇದ್ರೂ ಅದು ಕಳ್ಳ ದಾರಿ, ಸಿಕ್ಕಿಬಿದ್ರೆ ಅವರ ಮೇಲೇ ಕೇಸು. ಇಲ್ಲಿ ಅದೇ ಒಂದು ಲೈಸೆನ್ಸ್ ಇರೋ ವ್ಯಾಪಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ 1898ರಲ್ಲಿ ಮ್ಯಾಕ್‌ಡೊನೊ ಅನ್ನೋ ಅಣ್ಣತಮ್ಮಂದಿರು ಶುರುಮಾಡಿದ್ದು ಇಂಥ ಮೊದಲ ಅಂಗಡಿ ಅಂತಾರೆ. ಅಮೆರಿಕ ಮತ್ತೆ ಫಿಲಿಪೀನ್ಸ್ ಬಿಟ್ರೆ ದುಡ್ಡಿಗೆ ಜಾಮೀನು ನಿಲ್ಲೋ ಕಂಪನಿ ವ್ಯವಸ್ಥೆ ಬೇರೆ ಕಡೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಕಂಪನಿ ಏನು ಮಾಡತ್ತೆ ಅಂದ್ರೆ, ನೀವು ಬೇಲ್ ಮೊತ್ತದ ಸುಮಾರು ಹತ್ತರಲ್ಲೊಂದು ಪಾಲು ಅವರಿಗೆ ಪ್ರೀಮಿಯಂ ಅಂತ ಕಟ್ತೀರಿ, ಅವರು ಹಿಂದಿರೋ ಇನ್ಶೂರೆನ್ಸ್ ಕಂಪನಿ ಹೆಸರಲ್ಲಿ ಪೂರ್ತಿ ಮೊತ್ತಕ್ಕೆ ಬಾಂಡ್ ಬರೆದು ಜೈಲಿಗೆ ಕೊಡ್ತಾರೆ, ಮನುಷ್ಯ ಹೊರಗೆ ಬರ್ತಾನೆ. ಆ ಪ್ರೀಮಿಯಂ ಹೋಯ್ತು ಅಂತಾನೇ ಲೆಕ್ಕ. ಕೇಸ್ ಗೆದ್ರೂ ಬರಲ್ಲ, ಸೋತ್ರೂ ಬರಲ್ಲ, ಸರ್ಕಾರಿ ವಕೀಲರು ಕೇಸೇ ಹಾಕದೆ ಬಿಟ್ರೂ ಅದನ್ನ ವಾಪಸ್ ಕೊಡೋ ಪದ್ಧತಿ ಇಲ್ಲ. ಮನುಷ್ಯ ಕೋರ್ಟಿಗೆ ಹೋಗದೆ ತಪ್ಪಿಸ್ಕೊಂಡ್ರೆ ಪೂರ್ತಿ ಒಂದು ಲಕ್ಷಕ್ಕೆ ಸೈನ್ ಹಾಕಿದೋರು ಹೊಣೆ.

ಇದು ಎಲ್ಲಾ ರಾಜ್ಯದಲ್ಲೂ ಒಂದೇ ಥರ ಅಲ್ಲ ಅನ್ನೋದೂ ಅವತ್ತೇ ಗೊತ್ತಾಯ್ತು. ಚಿಕಾಗೋ ಹತ್ರ ಇರೋ ನನ್ನ ತಮ್ಮ, "ಅಕ್ಕ, ದುಡ್ಡು ಯಾಕೆ ಕಟ್ತಿದೀರಾ, ಇಲ್ಲಿ ಹಂಗೇನೂ ಇಲ್ವಲ್ಲ" ಅಂದ. ಇಲಿನಾಯ್‌ನಲ್ಲಿ 2023ರ ಸೆಪ್ಟೆಂಬರ್ 18ರಿಂದ ದುಡ್ಡಿನ ಬೇಲ್ ತೆಗೆದೇ ಹಾಕಿದಾರೆ, ಜಡ್ಜ್ ಬಿಡ್ತಾರೆ ಇಲ್ಲಾ ಇಟ್ಕೋತಾರೆ ಅಷ್ಟೇ. ಡಲ್ಲಾಸ್ ಹತ್ರ ಪ್ಲೇನೋದಲ್ಲಿರೋ ನಮ್ಮನೆಯವರ ಚಿಕ್ಕಪ್ಪನ ಮಗ, ಅಲ್ಲಿ ಪ್ರೀಮಿಯಂ ಇಷ್ಟೇ ಅಂತ ರಾಜ್ಯ ಫಿಕ್ಸ್ ಮಾಡಿಲ್ಲ, ಚೌಕಾಸಿ ಮಾಡಿ ಅಂದ. ಎರಡೂ ಅವರವರ ಊರಿಗೆ ಸರಿ, ನಮಗೆ ಉಪಯೋಗಕ್ಕೆ ಬರ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲೂ 2018ರಲ್ಲಿ ದುಡ್ಡಿನ ಬೇಲ್ ತೆಗೆಯೋ ಕಾನೂನು ಪಾಸ್ ಆಗಿತ್ತು, ಅದು ಜಾರಿಗೆ ಬರೋ ಮೊದಲೇ 2020ರ ನವೆಂಬರ್‌ನಲ್ಲಿ ಪ್ರೊಪೊಸಿಶನ್ 25 ಅಂತ ಜನರ ಮುಂದೆ ಬಂತು, ಸುಮಾರು 56 ಪರ್ಸೆಂಟ್ ಜನ ಬೇಡ ಅಂದ್ರು. ಹಂಗಾಗಿ ಕಂಪನಿಗಳು ಉಳಿದ್ವು. ಇಲ್ಲಿ ಪ್ರತಿ ಕಂಪನಿಯ ದರ ರಾಜ್ಯದ ಇನ್ಶೂರೆನ್ಸ್ ಇಲಾಖೇಲಿ ಫೈಲ್ ಆಗಿರ್ಬೇಕು, ಏಜೆಂಟ್ ಲೈಸೆನ್ಸ್ ಕೂಡ ಅದೇ ಇಲಾಖೆದು. ಆದ್ದರಿಂದ 5 ಪರ್ಸೆಂಟು, 1 ಪರ್ಸೆಂಟು, ಝೀರೋ ಡೌನ್ ಅಂತ ಬೋರ್ಡ್ ನೋಡಿದ್ರೆ ಅದು ಸಾಮಾನ್ಯವಾಗಿ ಕಡಿಮೆ ದರ ಅಲ್ಲ, ಮೊದಲ ಕಂತು ಅಷ್ಟು, ಮಿಕ್ಕಿದ್ದು ಆಮೇಲೆ ತಿಂಗಳು ತಿಂಗಳು ಕಟ್ಟೋದು ಅಂತ.

ನಾವು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಕೆಲ್ಸ ಅಂದ್ರೆ ಕಂಪನಿಗಳಿಗೆ ಫೋನ್ ಮಾಡೋ ಮೊದಲು ವಕೀಲರನ್ನ ಹಿಡಿದಿದ್ದು. ಅದೂ ನಮ್ಮ ಜಾಣತನ ಅಲ್ಲ, ನಮ್ಮ ಬೀದೀಲಿರೋ ಒಬ್ಬರು ಹೇಳಿದ್ರು. ಎಂಟು ಗಂಟೆಗೆ ಒಬ್ಬ ಕ್ರಿಮಿನಲ್ ಡಿಫೆನ್ಸ್ ವಕೀಲೆ ಫೋನ್‌ಗೆ ಸಿಕ್ಕಿದ್ರು, ಇಪ್ಪತ್ತು ನಿಮಿಷ ಮಾತಾಡಿದ್ರು. ಅವರು ಮೊದಲು ಕೇಳಿದ್ದು, "ನಿಮಗೆ ಬೇಲ್ ಕಂಪನಿ ಬೇಕಾ?" ಅಂತ. ನಾವು ಪೆಚ್ಚಾದ್ವಿ, ಬೇಕಲ್ವಾ ಅಂತ. ಅವರು ಹೇಳಿದ್ದಿಷ್ಟು. ಅರೆಸ್ಟ್ ಆದೋರನ್ನ 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸ್ಬೇಕು, ಆದ್ರೆ ಭಾನುವಾರ, ರಜಾ ದಿನ ಆ ಲೆಕ್ಕಕ್ಕೆ ಸೇರಲ್ಲ. ಸೋಮವಾರ ಮೆಮೋರಿಯಲ್ ಡೇ. ಅಂದ್ರೆ ಮಂಗಳವಾರ, ತಡ ಆದ್ರೆ ಬುಧವಾರ. ಹಳೇ ಕೇಸ್ ಯಾವ್ದೂ ಇಲ್ಲ, ಕೆಲ್ಸ ಇದೆ, ಮನೆ ಇದೆ, ಮಕ್ಕಳು ಇಲ್ಲೇ ಸ್ಕೂಲಿಗೆ ಹೋಗ್ತಾರೆ, ಜಡ್ಜ್ ದುಡ್ಡಿಲ್ಲದೆ ಬರೀ ಮಾತಿನ ಮೇಲೆ, ಷರತ್ತು ಹಾಕಿ ಬಿಡೋ ಸಾಧ್ಯತೆ ಚೆನ್ನಾಗಿದೆ ಅಂದ್ರು. 2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹಂಫ್ರಿ ಅನ್ನೋರ ಕೇಸಲ್ಲಿ ಹೇಳಿದೆಯಂತೆ, ಬರೀ ದುಡ್ಡಿಲ್ಲ ಅನ್ನೋ ಕಾರಣಕ್ಕೆ ಒಬ್ಬನನ್ನ ಒಳಗಿಡೋ ಹಾಗಿಲ್ಲ, ಕಟ್ಟೋ ಶಕ್ತಿ ಎಷ್ಟಿದೆ ನೋಡ್ಬೇಕು ಅಂತ. ಅಂದ್ರೆ ಕಾದ್ರೆ ಒಂದು ಪೈಸೆ ಕಟ್ಟದೆ ಬಿಡುಗಡೆ ಆಗಬಹುದು, ಆಗದೇನೂ ಇರಬಹುದು. ಇನ್ನೊಂದು ಮಾತು ಅವರು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ: ಡ್ರೈವಿಂಗ್ ಲೈಸೆನ್ಸ್ ಉಳಿಸ್ಕೋಬೇಕಾದ್ರೆ ಅರೆಸ್ಟ್ ಆಗಿ 10 ದಿನದೊಳಗೆ ಡಿಎಂವಿಗೆ, ಅಂದ್ರೆ ಇಲ್ಲಿನ ಆರ್‌ಟಿಓ ಥರದ ಇಲಾಖೆಗೆ, ಹಿಯರಿಂಗ್ ಕೇಳ್ಬೇಕು, ಅದು ಕೋರ್ಟಿಗೆ ಸಂಬಂಧಾನೇ ಇಲ್ಲದ ಬೇರೆ ಗಡುವು.

ಎರಡನೇ ದಾರಿ ಪೂರ್ತಿ ಒಂದು ಲಕ್ಷ ನಾವೇ ಕಟ್ಟೋದು. ಕಂಪನಿ ಬೇಡ, ಕೇಸ್ ಮುಗಿದ್ಮೇಲೆ ರಸೀದಿ ಯಾರ ಹೆಸರಲ್ಲಿದೆಯೋ ಅವರಿಗೆ ದುಡ್ಡು ವಾಪಸ್ ಬರತ್ತೆ, ಶಿಕ್ಷೆ ಆದ್ರೂ ಬರತ್ತೆ, ಕೋರ್ಟಿಗೆ ತಪ್ಪದೆ ಹೋಗಿದ್ರೆ ಸಾಕು. ಕೇಳಕ್ಕೆ ಇದೇ ಚೆಂದ. ಆದ್ರೆ ಆ ಜೈಲಲ್ಲಿ ಅಷ್ಟು ದುಡ್ಡಿಗೆ ಬ್ಯಾಂಕೇ ಬರೆದುಕೊಡೋ ಕ್ಯಾಶಿಯರ್ಸ್ ಚೆಕ್ಕೇ ಬೇಕು, ಶನಿವಾರ ಮಧ್ಯಾಹ್ನ ಬ್ಯಾಂಕ್ ಬಾಗಿಲು ಹಾಕಿದ್ರೆ ಮತ್ತೆ ಮಂಗಳವಾರವೇ. ಅವರ ಖಾತೇಲಿ 41,000 ಇತ್ತು. ಷೇರು ಮಾರಿದ್ರೆ ದುಡ್ಡು ಕೈಗೆ ಬರಕ್ಕೆ ಮುಂದಿನ ವಾರ. ನಮ್ಮಿಂದ 20,000 ಆಗ್ತಿತ್ತು. ಮಿಕ್ಕಿದ್ದಕ್ಕೆ ನಾಲ್ಕು ಮನೆಗೆ ಫೋನ್ ಮಾಡಿ ವಿಷ್ಯ ಬಿಚ್ಚಿ ಹೇಳ್ಬೇಕು. ಆಕೆ ಇದಕ್ಕೆ ಒಪ್ಪಲಿಲ್ಲ, ಆಕೆಯ ಮುಖ ನೋಡಿ ನಾನೂ ಒತ್ತಾಯ ಮಾಡ್ಲಿಲ್ಲ. ಈಗ್ಲೂ ಅನ್ಸತ್ತೆ, ಇದೇ ವಾರದ ಮಧ್ಯೆ ಆಗಿದ್ರೆ, ನಾಲ್ಕು ಜನರ ಹತ್ರ ಬಾಯಿ ಬಿಡೋ ಧೈರ್ಯ ನಮಗಿದ್ದಿದ್ರೆ, ಆ ಪ್ರೀಮಿಯಂ ಪೂರ್ತಿ ಉಳೀತಿತ್ತು. ಮಾನಕ್ಕೆ ಅಂಜಿದ್ದಕ್ಕೆ ಕೊಟ್ಟ ಬೆಲೆ ಅದು. ಮನೆಯನ್ನೇ ನೇರವಾಗಿ ಕೋರ್ಟಿಗೆ ಅಡ ಇಡೋ ದಾರೀನೂ ಒಂದಿದೆ, ಅದಕ್ಕೆ ಮನೇಲಿ ನಮ್ಮ ಸ್ವಂತ ಪಾಲು ಬೇಲ್ ಮೊತ್ತದ ಎರಡರಷ್ಟಿರಬೇಕು, ಬೆಲೆ ಕಟ್ಟಿಸಿ ಜಡ್ಜ್ ಒಪ್ಪಬೇಕು. ಒಂದು ವೀಕೆಂಡಿಗೆ ಆಗೋ ಮಾತಲ್ಲ.

ನನ್ನ ಮನಸ್ಸಿಗೆ ಕಾಯೋದೇ ಸರಿ ಅನ್ಸಿತ್ತು, ಬಾಯಿ ಬಿಟ್ಟು ಹೇಳ್ದೆ ಕೂಡ. ಆಗ ಆಕೆ ಹೇಳಿದ್ಲು, ಆತ ಹೊಸ ಕಂಪನಿಗೆ ಸೇರಿ ಮೂರು ವಾರ, ಎಚ್-1ಬಿ, ಅಂದ್ರೆ ಕೆಲ್ಸಕ್ಕೆ ಅಂಟಿಕೊಂಡಿರೋ ವೀಸಾ. ಮಂಗಳವಾರ ಬೆಳಗ್ಗೆ ಮೀಟಿಂಗ್‌ಗೆ ಇಲ್ಲ, ಫೋನೂ ಎತ್ತಲ್ಲ, ಬುಧವಾರಾನೂ ಇಲ್ಲ ಅಂದ್ರೆ? "ಎಂಟು ಹತ್ತು ಸಾವಿರ ಹೋದ್ರೆ ದುಡೀಬಹುದು ಅಕ್ಕ, ಕೆಲ್ಸ ಹೋದ್ರೆ ನಮಗಿರೋದು ಅರವತ್ತೇ ದಿನ, ಆಮೇಲೆ ಮನೆ ಸ್ಕೂಲು ಎಲ್ಲಾ ಬಿಟ್ಟು ಗಂಟುಮೂಟೆ ಕಟ್ಬೇಕು." ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಕಂಪನಿ ಹುಡುಕೋದು ಅಂತ ಆಯ್ತು.

ವಕೀಲೆ ಮೂರು ಹೆಸರು ಕೊಟ್ರು, ಒಂದೇ ಕೊಡ್ಲಿಲ್ಲ, ನೀವೇ ಮಾತಾಡಿ ಆರಿಸ್ಕೊಳಿ ಅಂದ್ರು. ನಾನು ಇಂಟರ್ನೆಟ್ಟಲ್ಲಿ ಮೇಲೆ ಬಂದ ಒಂದನ್ನೂ ಸೇರಿಸ್ಕೊಂಡೆ. ಒಂದು ನೋಟ್‌ಬುಕ್ ತಗೊಂಡು, ಮಗೂದು ಗಣಿತದ ನೋಟ್‌ಬುಕ್ಕು ಅದು, ಹಿಂದಿನ ಹಾಳೇಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಬರ್ಕೊಂಡೆ: ಲೈಸೆನ್ಸ್ ನಂಬರ್ ಏನು, ಹಿಂದಿರೋ ಇನ್ಶೂರೆನ್ಸ್ ಕಂಪನಿ ಯಾವ್ದು, ದರ ಎಷ್ಟು, ಬೇರೆ ಚಾರ್ಜ್ ಏನಿದೆ, ಅಡ ಏನು ಇಡ್ಬೇಕು, ಎಷ್ಟು ಜನ ಸೈನ್ ಹಾಕ್ಬೇಕು, ಕಾಗದ ಮೊದಲೇ ಇಮೇಲ್ ಮಾಡ್ತೀರಾ. ಫೋನ್ ಇಟ್ಟ ತಕ್ಷಣ ಇನ್ಶೂರೆನ್ಸ್ ಇಲಾಖೆ ವೆಬ್‌ಸೈಟ್‌ನಲ್ಲಿ ಆ ಲೈಸೆನ್ಸ್ ನಂಬರ್ ಹಾಕಿ ನೋಡೋದು, ಚಾಲ್ತೀಲಿದೆಯಾ, ಹೇಳಿದ ಹೆಸರೇ ಇದೆಯಾ ಅಂತ. ಎರಡು ನಿಮಿಷದ ಕೆಲ್ಸ.

ಇಂಟರ್ನೆಟ್ಟಲ್ಲಿ ಸಿಕ್ಕ ಕಂಪನಿಯವರ ಮಾತು ಬೆಣ್ಣೆ. ಲೈಸೆನ್ಸ್ ಸರಿಯಾಗೇ ಇತ್ತು. 10 ಪರ್ಸೆಂಟು, ಜೊತೆಗೆ ಪ್ರೊಸೆಸಿಂಗ್ ಫೀ 350, ಮನೆ ಮೇಲೆ ಡೀಡ್ ಆಫ್ ಟ್ರಸ್ಟ್ ಅನ್ನೋ ಅಡಮಾನ ಪತ್ರ, ಎರಡು ಕಾರಿನ ಮಾಲೀಕತ್ವದ ಕಾಗದ. 350 ಯಾತಕ್ಕೆ ಅಂದ್ರೆ ಎಲ್ಲರೂ ತಗೋತಾರೆ ಅಂದ್ರು. ಕ್ಯಾಲಿಫೋರ್ನಿಯಾ ನಿಯಮದ ಪ್ರಕಾರ ಪ್ರೀಮಿಯಂ ಬಿಟ್ಟು ನಿಜವಾಗಿ ಆದ, ಅಗತ್ಯವಾದ ಖರ್ಚು ಮಾತ್ರ ಕೇಳಬಹುದು, ಯಾವ ಖರ್ಚು ಅಂತ ಬರ್ದುಕೊಡಿ ಅಂದಿದ್ದಕ್ಕೆ ಬರ್ದುಕೊಡಕ್ಕಾಗಲ್ಲ ಅಂದ್ರು. ಕಾಗದ ಮೊದಲೇ ಕಳಿಸಿ ಅಂದ್ರೆ, ಆಫೀಸಿಗೆ ಬನ್ನಿ ಇಲ್ಲೇ ಓದ್ಬಹುದು ಅಂತ. ಕೊನೇಲಿ "ನಿಮಗೊಬ್ಬ ಒಳ್ಳೇ ಲಾಯರ್ ಕೊಡಿಸ್ತೀನಿ" ಅಂದಾಗ ನಾನು ಪುಸ್ತಕ ಮುಚ್ಚಿದೆ. ಬೇಲ್ ಏಜೆಂಟ್ ವಕೀಲರ ಹೆಸರು ಹೇಳೋ ಹಾಗೇ ಇಲ್ಲ ಇಲ್ಲಿ, ಒಂದು ನಿಯಮ ಹೀಗೆ ಸಲೀಸಾಗಿ ಮುರಿಯೋರು ನಮ್ಮ ಕಾಗದದಲ್ಲಿ ಏನೇನು ಬರೀತಾರೋ.

ಎರಡನೆಯವರು ಫೋನ್ ಎತ್ತಿದ್ದು ಕಾಲ್ ಸೆಂಟರ್, ಏಜೆಂಟ್ ವಾಪಸ್ ಮಾಡ್ತಾರೆ ಅಂದ್ರು, ಮಾಡಿದ್ದು ಸಂಜೆ ಆರಕ್ಕೆ, ಅಷ್ಟೊತ್ತಿಗೆ ನಮ್ಮ ಕೆಲ್ಸ ಮುಗಿದಿತ್ತು. ಮೂರನೆಯವರು 10 ಪರ್ಸೆಂಟು, ಅಡ ಬೇಡ, ಆದ್ರೆ ಸೈನ್ ಹಾಕೋ ಇಬ್ಬರೂ ಸಿಟಿಜನ್ ಆಗಿರ್ಬೇಕು ಅಂದ್ರು.

ನಾಲ್ಕನೆಯವರು ಒಬ್ಬ ವಯಸ್ಸಾದ ಹೆಂಗಸು, ಜೈಲಿಂದ ಎರಡು ಬೀದಿ ಆಚೆ ಪುಟ್ಟ ಆಫೀಸು, ತಾವೇ ಫೋನ್ ಎತ್ತಿದ್ರು. ಲೈಸೆನ್ಸ್ ನಂಬರ್ ಕೇಳೋ ಮೊದಲೇ ಹೇಳಿ, ಬರ್ಕೊಂಡ್ರಾ ಅಂತ ಕೇಳಿದ್ರು. ಖಾಸಗಿ ವಕೀಲರನ್ನ ಇಟ್ಕೊಂಡಿದ್ರೆ ನಮ್ಮ ಫೈಲ್ ಆಗಿರೋ ದರ 8 ಪರ್ಸೆಂಟು, ವಕೀಲರಿಂದ ಒಂದು ಇಮೇಲ್ ಸಾಕು ಅಂದ್ರು. ನಿಂತ ಕಾಲಲ್ಲಿ 2,000 ಡಾಲರ್ ಉಳೀತು. ವಕೀಲರನ್ನ ಆಮೇಲೆ ನೋಡೋಣ ಅಂತ ಬೇಲ್ ಮೊದಲು ಮಾಡಿದ್ರೆ ಇದು ಸಿಗ್ತಿರ್ಲಿಲ್ಲ. ಎಷ್ಟು ಹೊತ್ತಿಗೆ ಹೊರಗೆ ಬರ್ತಾರೆ ಅಂದ್ರೆ, "ನಾನು ಬಾಂಡ್ ಕೊಡೋದು ಒಂದು ಗಂಟೆ, ಜೈಲವರು ಬಿಡೋದು ಅವರಿಷ್ಟ, ಲಾಂಗ್ ವೀಕೆಂಡು, ಎಂಟು ಗಂಟೆ ಆಗಬಹುದು, ಯಾರಾದ್ರೂ ಎರಡು ಗಂಟೇಲಿ ಬಿಡಿಸ್ತೀನಿ ಅಂದ್ರೆ ನಂಬಬೇಡಿ" ಅಂದ್ರು. ಬೇಡದ ಸುದ್ದೀನೂ ಮುಚ್ಚಿಡದೆ ಹೇಳ್ತಿದಾರಲ್ಲ ಅನ್ನೋದಕ್ಕೇ ನಂಗೆ ಅವರ ಮೇಲೆ ನಂಬಿಕೆ ಬಂತು. ಕಾಗದ ಇಮೇಲಲ್ಲಿ ಬಂತು.

ಅದನ್ನ ಊಟದ ಟೇಬಲ್ ಮೇಲೆ ಪ್ರಿಂಟ್ ತೆಗೆದು ಹರಡಿಕೊಂಡು ಒಂದೂವರೆ ಗಂಟೆ ಓದಿದ್ವಿ, ಪೆನ್ಸಿಲ್ ಹಿಡ್ಕೊಂಡು. ಹನ್ನೊಂದು ಪುಟ. ಸೈನ್ ಹಾಕೋದು ಆಕೆ ಮತ್ತೆ ನಮ್ಮನೆಯವರು. ಜೊತೆಗೆ ಸೈನ್ ಹಾಕೋರಿಗೆ ಅಂತ ಒಂದು ಎಚ್ಚರಿಕೆ ಪುಟ ಇತ್ತು, ಈ ಸಾಲ ತೀರಿಸದಿದ್ರೆ ನೀವು ತೀರಿಸ್ಬೇಕಾಗತ್ತೆ ಅಂತ ದಪ್ಪ ಅಕ್ಷರದಲ್ಲಿ. ಪ್ರೀಮಿಯಂ ಕಂತಲ್ಲಿ ಕಟ್ಟೋ ಒಪ್ಪಂದ ಆದ್ರೆ ಆ ನೋಟಿಸ್ ಕೊಡ್ಲೇಬೇಕು, ಕೊಡದಿದ್ರೆ ಜೊತೆಗೆ ಸೈನ್ ಹಾಕಿದೋರಿಂದ ವಸೂಲಿ ಮಾಡೋ ಹಾಗಿಲ್ಲ ಅಂತ 2021ರಲ್ಲಿ ಇಲ್ಲಿನ ಅಪೀಲು ಕೋರ್ಟ್ ತೀರ್ಪು ಕೊಟ್ಟಿದೆ, ವಕೀಲೆ ಹೇಳಿದ್ದು. ನಾವು ಒಟ್ಟಿಗೇ ಕಟ್ಟಿದ್ವಿ, ಆದ್ರೂ ಆ ಪುಟ ಇತ್ತು. ಏಳನೇ ಪುಟದಲ್ಲಿ ಅಡ ಇಟ್ಟ ವಸ್ತು ಅನ್ನೋ ಜಾಗ ಖಾಲಿ ಇತ್ತು. ನಮ್ಮನೆಯವರು ಅಲ್ಲಿ ಕೈ ಇಟ್ಟು, ಇಲ್ಲಿ ಏನೂ ಇಲ್ಲ ಅಂತ ಬರೀಬೇಕು ಅಂದ್ರು. ಆಫೀಸಲ್ಲಿ ಆ ಹೆಂಗಸು ಏನೂ ಅನ್ದೆ ನೀಲಿ ಪೆನ್ನಲ್ಲಿ ಗೆರೆ ಎಳೆದು ತಮ್ಮ ಸೈನ್ ಪಕ್ಕದಲ್ಲಿ ಹಾಕಿದ್ರು. ರಾಜ್ಯ ಬಿಟ್ಟು ಹೊರಗೆ ಹೋಗೋದಾದ್ರೆ ಮೊದಲು ಬರವಣಿಗೇಲಿ ಒಪ್ಪಿಗೆ ಬೇಕು, ವಾರಕ್ಕೊಂದು ಸಲ ಮೆಸೇಜ್ ಮಾಡ್ಬೇಕು, ವಿಳಾಸ ಫೋನ್ ಬದಲಾದ್ರೆ ತಿಳಿಸ್ಬೇಕು, ಇವೆಲ್ಲಾ ಇತ್ತು. ಕೋರ್ಟ್ ತಾರೀಖು ತಪ್ಪಿದ್ರೆ ಬಾಂಡ್ ಮುಟ್ಟುಗೋಲು ಆಗತ್ತೆ, ನೋಟಿಸ್ ಅಂಚೆಗೆ ಹಾಕಿದ ಮೇಲೆ ಸುಮಾರು 185 ದಿನದೊಳಗೆ ಮನುಷ್ಯ ವಾಪಸ್ ಬಂದು ಕೋರ್ಟಲ್ಲಿ ನಿಲ್ಲದಿದ್ರೆ ದುಡ್ಡು ಹೋಯ್ತು.

ಸೈನ್ ಹಾಕೋ ಹಿಂದಿನ ಕ್ಷಣ ನಮ್ಮನೆಯವರು ನನ್ನ ಮುಖ ನೋಡಿದ್ರು. ನಾನು ಆತನನ್ನ ಹತ್ತು ವರ್ಷದಿಂದ ಬಲ್ಲೆ, ಓಡಿಹೋಗೋ ಮನುಷ್ಯ ಅಲ್ಲ ಅಂತ ಗೊತ್ತು, ಆದ್ರೂ ಒಂದು ಲಕ್ಷ ಅನ್ನೋ ಅಂಕಿ ಮೇಲೆ ನಮ್ಮ ಹೆಸರು ಕೂರೋದು ಅಂದ್ರೆ ಸುಮ್ನೆ ಅಲ್ಲ. ನನಗೆ ತಿಪಟೂರಿನ ಆ ಹಿರಿಯರು ನೆನಪಾದ್ರು, ಅವರು ಪಹಣಿ ಹಿಡ್ಕೊಂಡು ನಿಲ್ತೀನಿ ಅಂದಿದ್ದನ್ನೇ ನಾವಿಲ್ಲಿ ಮಾಡ್ತಿರೋದು ಅನ್ನಿಸ್ತು. ತಲೆ ಆಡಿಸ್ದೆ. ಸಂಜೆ ನಾಲ್ಕೂ ಕಾಲಿಗೆ ಸೈನ್ ಆಯ್ತು, 8,000 ಡಾಲರ್ ಕಾರ್ಡಲ್ಲಿ ಕಟ್ಟಿ ರಸೀದಿ ತಗೊಂಡ್ವಿ, ಎಲ್ಲಾ ಪುಟಗಳ ಕಾಪಿ ಕೂಡ.

ಬಾಂಡ್ ಐದೂವರೆಗೆ ಜೈಲಿಗೆ ಹೋಯ್ತು. ಆತ ಹೊರಗೆ ಬಂದಿದ್ದು ಭಾನುವಾರ ಬೆಳಗಿನ ಜಾವ ಎರಡೂ ಐವತ್ತಕ್ಕೆ, ಒಂಬತ್ತು ಗಂಟೆ ಮೇಲಾಯ್ತು. ಪಾರ್ಕಿಂಗ್ ಲಾಟಲ್ಲಿ ಕಾರೊಳಗೆ ಕೂತು ಕಾದ್ವಿ, ಆಕೆ ಚಿತ್ರಾನ್ನ ಡಬ್ಬಿಗೆ ಹಾಕ್ಕೊಂಡು ಬಂದಿದ್ಲು, ಅವನು ಏನೂ ತಿಂದಿರಲ್ಲ ಅಂತ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಬೆಲ್ಟು, ಪರ್ಸು, ಆಫ್ ಆದ ಫೋನು. ಕಾರಲ್ಲಿ ಕೂತವನು ಮೊದಲು ಕೇಳಿದ್ದು "ಆ ಹೆಂಗಸು ಹೇಗಿದಾರೆ" ಅಂತ. ನಮಗೆ ಗೊತ್ತಿರ್ಲಿಲ್ಲ. ಮಂಗಳವಾರ ಅವನು ಆಫೀಸಿಗೆ ಹೋದ, ಡಿಎಂವಿ ಹಿಯರಿಂಗ್ ಅರ್ಜಿ ಅವತ್ತೇ ಹೋಯ್ತು.

ಬಾಂಡ್ ಸಿಕ್ಕಿದ್ರೆ ಎಲ್ಲಾ ಮುಗೀತು ಅನ್ಕೊಂಡಿದ್ವಿ, ಹಂಗಲ್ಲ. ಮೂರನೇ ವಾರ ಅಮೆರಿಕನ್ ಕಾನ್ಸುಲೇಟ್‌ನಿಂದ ಇಮೇಲ್ ಬಂತು, ಪಾಸ್‌ಪೋರ್ಟಲ್ಲಿರೋ ವೀಸಾ ರದ್ದು ಅಂತ. ಕುಡಿದು ಓಡಿಸಿದ ಅರೆಸ್ಟ್ ಆದ್ರೆ ತೀರ್ಪು ಬರೋ ಮೊದಲೇ ಹೀಗೆ ಮಾಡಬಹುದು. ಇಲ್ಲಿರೋ ಸ್ಟೇಟಸ್‌ಗೆ ಅದರಿಂದ ತಕ್ಷಣ ತೊಂದರೆ ಇಲ್ಲ, ಆದ್ರೆ ದೇಶ ಬಿಟ್ಟು ಹೋದ್ರೆ ಹೊಸ ವೀಸಾ ಬೇಕು, ಮೆಡಿಕಲ್ ಟೆಸ್ಟ್ ಬೇಕು, ಎಷ್ಟು ತಿಂಗಳೋ. ಬೇಲ್ ಏಜೆಂಟ್ ಇದನ್ನೆಲ್ಲಾ ಹೇಳಲ್ಲ, ಅವರ ಕೆಲ್ಸವೂ ಅಲ್ಲ, ಅದಕ್ಕೆ ಕ್ರಿಮಿನಲ್ ವಕೀಲರ ಜೊತೆ ಇಮಿಗ್ರೇಶನ್ ವಕೀಲರನ್ನೂ ಮೊದಲ ವಾರದಲ್ಲೇ ಮಾತಾಡಿಸ್ಬೇಕು. ನಾವು ತಡ ಮಾಡಿದ್ವಿ.

ಸೆಪ್ಟೆಂಬರ್‌ನಲ್ಲಿ ತಿಪಟೂರಿನ ತಂದೆಗೆ ಎದೆನೋವು ಬಂತು, ಬೆಂಗಳೂರಿಗೆ ಕರ್ಕೊಂಡು ಹೋಗಿ ಬೈಪಾಸ್ ಮಾಡಿಸಿದ್ರು. ಒಬ್ಬನೇ ಮಗ. ಹೋಗ್ಬೇಕಾದ್ರೆ ಜಡ್ಜ್ ಒಪ್ಪಿಗೆ ಬೇಕು, ಬೇಲ್ ಕಂಪನಿ ಒಪ್ಪಿಗೆ ಬೇಕು, ಹೋದ್ರೆ ವೀಸಾ ಇಲ್ದೆ ವಾಪಸ್ ಬರಕ್ಕಾಗಲ್ಲ, ಬರದಿದ್ರೆ ಕೋರ್ಟ್ ತಾರೀಖು ತಪ್ಪತ್ತೆ, ತಪ್ಪಿದ್ರೆ ನಮ್ಮನೆಯವರ ತಲೆ ಮೇಲೆ ಒಂದು ಲಕ್ಷ. ಏಜೆಂಟ್ ಹೆಂಗಸು ಒಪ್ಪಿಗೆ ಕೊಡ್ತೀನಿ ಅಂದಿದ್ರು, ನಿಜ ಹೇಳ್ಬೇಕಂದ್ರೆ ನಮ್ಮನೆಯವರೂ ಹೋಗಿ ಬಾ ಅಂದ್ರು. ಅವನೇ ಹೋಗ್ಲಿಲ್ಲ. ಆಪರೇಷನ್ ದಿನ ರಾತ್ರಿಯಿಡೀ ವಾಟ್ಸಾಪ್ ವಿಡಿಯೋ ಹಾಕ್ಕೊಂಡು ಆಸ್ಪತ್ರೆ ಕಾರಿಡಾರಿನ ಕುರ್ಚಿ ನೋಡ್ಕೊಂಡು ಕೂತಿದ್ದ, ಆ ಕಡೆ ಅವನ ತಾಯಿ ಫೋನ್ ಮಡಿಲಲ್ಲಿ ಇಟ್ಕೊಂಡು ಕೂತಿದ್ರು.

ಡಿಸೆಂಬರ್‌ನಲ್ಲಿ ಕೇಸ್ ಇತ್ಯರ್ಥ ಆಯ್ತು. ಫೆಲನಿಯಿಂದ ಮಿಸ್‌ಡಿಮೀನರ್‌ಗೆ, ಅಂದ್ರೆ ಅದಕ್ಕಿಂತ ಸಣ್ಣ ಅಪರಾಧಕ್ಕೆ, ಇಳಿಸಿ ಒಪ್ಕೊಂಡ, ಪ್ರೊಬೇಶನ್ (ಕೋರ್ಟ್ ನಿಗಾದಲ್ಲಿರೋದು), ಕುಡಿದು ಓಡಿಸಿದವರಿಗಿರೋ ಡಿಯುಐ ಕ್ಲಾಸು, ಆ ಹೆಂಗಸಿಗೆ ಆಸ್ಪತ್ರೆ ಖರ್ಚು, ಕೆಲ್ಸಕ್ಕೆ ಹೋಗಲಾರದ ದಿನಗಳ ಸಂಬಳ ಎಲ್ಲಾ ಕಟ್ಟಬೇಕು ಅಂತ ಆರ್ಡರ್. ಅದೇ ದಿನ ಜಡ್ಜ್ ಬಾಂಡ್ ಬಿಡುಗಡೆ ಅಂದ್ರು. ಕೋರ್ಟ್ ಬಾಯಲ್ಲಿ ಹೇಳಿದ್ದು ಸಾಲದು, ಕಾಗದ ಕೇಳಿ ಇಸ್ಕೊಳಿ ಅಂತ ವಕೀಲೆ ಹೇಳಿದ್ರು, ಹಂಗೇ ಏಜೆಂಟ್ ಆಫೀಸಿಂದ ಬಾಂಡ್ ನಂಬರ್ ಸಮೇತ ಹೊಣೆ ತೀರಿತು ಅನ್ನೋ ಒಂದು ಪುಟದ ಪತ್ರ ನಮ್ಮನೆಗೂ ಅಂಚೇಲಿ ಬಂತು. ನಮ್ಮನೆಯವರು ಅದನ್ನ ಮನೆ ಕಾಗದಪತ್ರದ ಫೈಲಲ್ಲಿ ಇಟ್ರು.

ವಾರ ಬಿಟ್ಟು ತಿಪಟೂರಿಂದ ಫೋನ್, ದನಿ ಇನ್ನೂ ಸಣ್ಣಗಿತ್ತು. "ತಾಯಿ, ಜಾಮೀನು ಬಿಡುಗಡೆ ಆಯ್ತಂತೆ, ಆ ಕಾಗದದ ಫೋಟೋ ನಂಗೂ ಕಳ್ಸಮ್ಮ." ಇಂಗ್ಲಿಷಲ್ಲಿದೆ ಮಾವ ಅಂದೆ. "ಇರ್ಲಿ, ನಿಮ್ಮನೆಯವರ ಹೆಸರು ಎಲ್ಲಿದೆ ತೋರ್ಸು ಸಾಕು" ಅಂದ್ರು. ಹೆಸರಿದ್ದ ಸಾಲಿನ ಕೆಳಗೆ ಪೆನ್ಸಿಲಲ್ಲಿ ಗೆರೆ ಎಳೆದು ಫೋಟೋ ಕಳಿಸ್ದೆ.